ಗೇಟು ತೆರೆದಿದೆ, ನೆಂಟರು ಬರುತ್ತಿಲ್ಲ

ನ್ಯೂಯಾರ್ಕ್ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಮ್ಯಾನ್‌ಹಟನ್ ಮಾತ್ರ. ಆದರೆ ಆ ಹೆಸರಿನ ರಾಜ್ಯ ದೊಡ್ಡದು. ಅದರ ಈಶಾನ್ಯ ಮೂಲೆಯಲ್ಲಿ, ಷಾಂಪ್ಲೇನ್ ಸರೋವರದ ದಂಡೆಗೆ ಒತ್ತಿಕೊಂಡಂತೆ, ಪ್ಲ್ಯಾಟ್ಸ್‌ಬರ್ಗ್ ಎಂಬ ಊರಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 19,841 ಜನ. ನಮ್ಮ ಕಡೆಯ ಒಂದು ಚಿಕ್ಕ ತಾಲ್ಲೂಕು ಕೇಂದ್ರದಷ್ಟು. ಊರನ್ನು ಸೀಳಿಕೊಂಡು ಸ್ಯಾರನಾಕ್ ನದಿ ಹರಿಯುತ್ತದೆ, ನದಿಯ ಪಕ್ಕದಲ್ಲಿ ಕಾಲೇಜು. 1889ರಲ್ಲಿ ಶಿಕ್ಷಕರ ತರಬೇತಿ ಶಾಲೆಯಾಗಿ ಹುಟ್ಟಿದ ಅದು ಈಗ ರಾಜ್ಯ ಸರ್ಕಾರದ ವಿಶ್ವವಿದ್ಯಾಲಯದ, ಜನ ‘ಸೂನಿ’ ಎಂದು ಕರೆಯುವ ವ್ಯವಸ್ಥೆಯ, ಒಂದು ಅಂಗ. ಕೆನಡಾದ ಗಡಿಗೆ ಇಲ್ಲಿಂದ ಸುಮಾರು 35 ಕಿ.ಮೀ., ಮಾಂಟ್ರಿಯಲ್ ಮಹಾನಗರಕ್ಕೆ ಸುಮಾರು 100 ಕಿ.ಮೀ. ತನ್ನದೇ ರಾಜ್ಯದ ನ್ಯೂಯಾರ್ಕ್ ನಗರ ಐದು ತಾಸಿನ ದೂರದಲ್ಲಿದೆ. ಭೂಪಟ ನೋಡಿದರೆ ಇದು ದೇಶ ಮುಗಿಯುವ ಮೂಲೆ. ಅಂಗಡಿಯ ಗಲ್ಲಾಪೆಟ್ಟಿಗೆ ನೋಡಿದರೆ ಲೆಕ್ಕ ಬೇರೆಯೇ: ಊರಿಗೆ ಹತ್ತಿರದ ದೊಡ್ಡ ಪೇಟೆ ಇರುವುದೇ ಗೆರೆಯ ಆಚೆ, ಬೇರೆ ದೇಶದಲ್ಲಿ, ಫ್ರೆಂಚ್ ಮಾತಾಡುವ ಜನರ ನಡುವೆ.

ಗಡಿಯ ಊರುಗಳ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ, ಗೇಟು ತೆರೆದಿದೆಯೋ ಮುಚ್ಚಿದೆಯೋ ಎಂದು. ಪ್ಲ್ಯಾಟ್ಸ್‌ಬರ್ಗ್‌ನ ಇತ್ತೀಚಿನ ವರ್ಷಗಳನ್ನು ಗಮನಿಸಿದರೆ ಆ ಪ್ರಶ್ನೆ ಸಾಲದು ಎನ್ನಿಸುತ್ತದೆ. ಅಲ್ಲಿ ಗೇಟು ಮುಚ್ಚಿದ್ದಾಗ ಹೋದ ಗಿರಾಕಿ ಗೇಟು ತೆರೆದ ಮೇಲೆ ತಿರುಗಿ ಬಂದ. ಗೇಟು ಹಾರುಹೊಡೆದಿದ್ದಾಗ ತಾನಾಗಿಯೇ ಬರುವುದನ್ನು ಬಿಟ್ಟ. ಹಾಗಾದರೆ ಊರನ್ನು ಸಾಕುತ್ತಿರುವುದು ಯಾವುದು? ನಾಳೆಯೂ ಇದೇ ನಿಯಮ, ಇದೇ ಮರ್ಯಾದೆ ಇರುತ್ತದೆ ಎಂದು ಆಚೆಯವರು ಇಟ್ಟಿರುವ ನಂಬಿಕೆ ಎಂಬುದು ನನ್ನ ವಾದ.

ಮೊದಲು ವ್ಯಾಪಾರದ ಮಾತು. ಎರಡು ದೇಶಗಳ ನಡುವಿನ ವ್ಯತ್ಯಾಸವೇ ಈ ಊರಿನ ಬಂಡವಾಳ. ಕೇರಳದ ಗಡಿಯಲ್ಲಿರುವವರು ತಲಪಾಡಿ ದಾಟಿ ಬಂದು ಕರ್ನಾಟಕದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹೋಗುವ ಹಾಗೆ, ಕ್ವಿಬೆಕ್ ಪ್ರಾಂತ್ಯದವರು ತೆರಿಗೆ ಕಡಿಮೆಯಿರುವ ಅಮೆರಿಕದ ಕಡೆ ಬಂದು ಟ್ಯಾಂಕ್ ತುಂಬಿಸುತ್ತಾರೆ. ಹಾಲು, ಚೀಸ್‌ಗಳ ವಿಷಯ ಇನ್ನೂ ಸ್ವಾರಸ್ಯದ್ದು. ಕೆನಡಾ ತನ್ನ ಹೈನುಗಾರರನ್ನು ಕಾಪಾಡಲು ಹಾಲಿನ ಉತ್ಪಾದನೆಗೆ ಕೋಟಾ ಹಾಕಿ, ಹೊರಗಿನ ಚೀಸ್‌ಗೆ ಶೇ. 200ಕ್ಕೂ ಮೀರಿದ ಸುಂಕ ಹೇರಿದೆ. ಹೀಗಾಗಿ ಅಲ್ಲಿ ಬೆಲೆ ಹೆಚ್ಚು. ಗಡಿ ದಾಟಿ ಬಂದವರು ತಲೆಗೆ 20 ಕೆನಡಿಯನ್ ಡಾಲರ್ ಬೆಲೆಯ ಹೈನು ಪದಾರ್ಥವನ್ನು ಮಾತ್ರ ಸುಂಕವಿಲ್ಲದೆ ಒಯ್ಯಬಹುದು. ಉಳಿದ ಸಾಮಾನಿಗೂ ಕಟ್ಟಳೆಯಿದೆ. ಅದೇ ದಿನ ಹೋಗಿ ಅದೇ ದಿನ ಮರಳಿದರೆ ವಿನಾಯಿತಿ ಇಲ್ಲ. 24 ತಾಸು ಹೊರಗಿದ್ದರೆ 200 ಡಾಲರ್‌ವರೆಗೆ, 48 ತಾಸು ಕಳೆದರೆ 800 ಡಾಲರ್‌ವರೆಗೆ. ಈ ಸಣ್ಣ ಅಕ್ಷರದ ನಿಯಮವನ್ನು ಬರೆದದ್ದು ಒಟ್ಟಾವಾದಲ್ಲಿ, ಅದರ ಲಾಭ ಸಿಕ್ಕಿದ್ದು ಪ್ಲ್ಯಾಟ್ಸ್‌ಬರ್ಗ್‌ನ ಹೋಟೆಲುಗಳಿಗೆ. ಮಕ್ಕಳ ಬೂಟು, ಚಳಿಗಾಲದ ಕೋಟು ಕೊಳ್ಳಬೇಕೆಂದಿರುವ ಸಂಸಾರಕ್ಕೆ ಎರಡು ರಾತ್ರಿ ಉಳಿದರೆ ಸುಂಕ ಉಳಿಯುತ್ತದೆ. ಉಳಿದ ಮೇಲೆ ಊಟವೂ ಆಗಬೇಕಲ್ಲ. ಇಲ್ಲಿಯ ಊಟ ಎಂದರೆ ‘ಮಿಷಿಗನ್’: ಮೆತ್ತನೆಯ ಬನ್ನಿನೊಳಗೆ ಹಬೆಯಲ್ಲಿ ಬೇಯಿಸಿದ ಸಾಸೇಜು, ಅದರ ಮೇಲೆ ಖಾರದ ಖೀಮಾ ಸಾಸ್, ಜೊತೆಗೆ ಹೆಚ್ಚಿದ ಈರುಳ್ಳಿ. ಈರುಳ್ಳಿ ಮೇಲಿರಬೇಕೋ ಸಾಸಿನಡಿ ‘ಹೂತಿರಬೇಕೋ’ ಎಂದು ಮಾಣಿ ಕೇಳುತ್ತಾನೆ. ಮಿಷಿಗನ್ ರಾಜ್ಯಕ್ಕೂ ಈ ತಿಂಡಿಗೂ ಏನು ಸಂಬಂಧವೆಂದು ಊರಿನವರೇ ಇವತ್ತಿಗೂ ವಾದಿಸುತ್ತಾರೆ. ಕ್ವಿಬೆಕ್‌ನವರಿಗಂತೂ ಅದರ ರುಚಿ ಚೆನ್ನಾಗಿ ಗೊತ್ತು.

ಜುಲೈ ತಿಂಗಳ ಕೊನೆಯ ಎರಡು ವಾರ ಕ್ವಿಬೆಕ್‌ನಲ್ಲಿ ಕಟ್ಟಡ ಕೆಲಸಗಾರರಿಗೆಲ್ಲ ಒಟ್ಟಿಗೇ ರಜೆ. ಕಾನೂನಿನಂತೆ ನಡೆದುಬಂದ ಆ ರಜೆಗೆ ಹೊಂದಿಸಿಕೊಂಡು ಬೇರೆ ಉದ್ಯೋಗದವರೂ ರಜೆ ಹಾಕುತ್ತಾರೆ. ಆ ಹದಿನೈದು ದಿನ ಸರೋವರದ ಮರಳ ದಂಡೆ, ಟೆಂಟ್ ಮೈದಾನ, ದೋಣಿ ಕಟ್ಟುವ ಮರೀನಾ ಎಲ್ಲೆಡೆ ಫ್ರೆಂಚ್ ಮಾತು. ಗಡಿಗಂಟಿದ ಷಾಂಪ್ಲೇನ್, ರೌಸಸ್ ಪಾಯಿಂಟ್ ಹಳ್ಳಿಗಳಲ್ಲಿ ಪಾರ್ಸೆಲ್ ಇಟ್ಟುಕೊಡುವ ಅಂಗಡಿಗಳಿವೆ: ಮಾಂಟ್ರಿಯಲ್‌ನವರು ಅಮೆರಿಕದ ಆನ್‌ಲೈನ್ ಅಂಗಡಿಯಿಂದ ಈ ವಿಳಾಸಕ್ಕೆ ಸಾಮಾನು ತರಿಸಿ, ವಾರಾಂತ್ಯದಲ್ಲಿ ಕಾರು ತಂದು ಎತ್ತಿಕೊಂಡು ಹೋಗುತ್ತಾರೆ. ವಿಮಾನ ನಿಲ್ದಾಣ ತನ್ನನ್ನು ‘ಮಾಂಟ್ರಿಯಲ್‌ನ ಅಮೆರಿಕನ್ ವಿಮಾನ ನಿಲ್ದಾಣ’ ಎಂದೇ ಜಾಹೀರಾತು ಮಾಡಿಕೊಂಡು ಬಂದಿದೆ. ಫ್ಲಾರಿಡಾಕ್ಕೆ ಇಲ್ಲಿಂದ ಟಿಕೆಟ್ ಅಗ್ಗ.

ಆ ನಿಲ್ದಾಣದ ಹಿಂದೆ ಒಂದು ಕಥೆಯಿದೆ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಕಾಲೇಜಿಗೆ ಮುಗಿಬಿದ್ದಾಗ, 1946ರಲ್ಲಿ ಇಲ್ಲಿಯ ಹಳೆಯ ಸೇನಾ ಬ್ಯಾರಕ್ಕಿನಲ್ಲಿ ಷಾಂಪ್ಲೇನ್ ಕಾಲೇಜ್ ಎಂಬ ಇನ್ನೊಂದು ಕಾಲೇಜು ತೆರೆದರು. ಶೀತಲ ಸಮರ ಕಾವೇರಿತು, ವಾಯುಪಡೆಗೆ ಆ ಜಾಗ ಬೇಕಾಯಿತು, 1953ರಲ್ಲಿ ಆ ಕಾಲೇಜು ಮುಚ್ಚಿತು. ಬಾಂಬರ್ ವಿಮಾನಗಳ ನೆಲೆ ಬಂತು, ಮೂರೂವರೆ ಕಿ.ಮೀ. ಉದ್ದದ ರನ್‌ವೇ ಬಂತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ನೆಲೆಗೂ ಕೆಲಸವಿಲ್ಲದೆ 1995ರಲ್ಲಿ ಬೀಗ ಬಿತ್ತು. ವಾಷಿಂಗ್ಟನ್ನಿನ ಒಂದು ಸಹಿಯಿಂದ ಕಾಲೇಜು ಹೋಯಿತು, ಇನ್ನೊಂದು ಸಹಿಯಿಂದ ನೆಲೆಯೂ ಹೋಯಿತು. 2007ರಿಂದ ಅದೇ ರನ್‌ವೇ ಮೇಲೆ ಪ್ರಯಾಣಿಕರ ವಿಮಾನ ಇಳಿಯುತ್ತಿದೆ. ಸೇನೆ ಬಿಟ್ಟುಹೋದ ಹೊಟ್ಟೆಪಾಡನ್ನು ಬಹುಮಟ್ಟಿಗೆ ತುಂಬಿಕೊಟ್ಟವರು ಕ್ವಿಬೆಕ್‌ನವರು, ಪ್ರಯಾಣಿಕರಾಗಿ ಮಾತ್ರವಲ್ಲ, ಮಾಲೀಕರಾಗಿಯೂ. ಅಮೆರಿಕದಲ್ಲಿ ಕೇಂದ್ರದ ಹಣದಿಂದ ಕೊಳ್ಳುವ ಬಸ್ಸು, ರೈಲು ಬೋಗಿಗಳ ಬಿಡಿಭಾಗದಲ್ಲಿ ಬೆಲೆಯ ಲೆಕ್ಕದಲ್ಲಿ ಈಗ ಶೇ. 70ಕ್ಕಿಂತ ಹೆಚ್ಚು ಅಮೆರಿಕದಲ್ಲೇ ತಯಾರಾಗಿರಬೇಕು, ಕೊನೆಯ ಜೋಡಣೆಯೂ ಅಲ್ಲೇ ಆಗಬೇಕು. ಕ್ವಿಬೆಕ್‌ನಲ್ಲಿ ಕಾರ್ಖಾನೆ ಇಟ್ಟುಕೊಂಡು ನ್ಯೂಯಾರ್ಕ್‌ಗೆ ಬೋಗಿ ಮಾರಬೇಕೆಂದಿದ್ದ ಬೊಂಬಾರ್ಡಿಯರ್ ಕಂಪನಿಗೆ ಗಡಿ ದಾಟಿದೊಡನೆ ಸಿಗುವ ಊರಿಗಿಂತ ಅನುಕೂಲದ ಜಾಗ ಯಾವುದು? ನ್ಯೂಯಾರ್ಕ್ ಸಬ್‌ವೇಯ ನೂರಾರು ಬೋಗಿಗಳು ಪ್ಲ್ಯಾಟ್ಸ್‌ಬರ್ಗ್‌ನಲ್ಲಿ ಜೋಡಣೆಯಾಗಿ ಹೋಗಿವೆ. 2021ರಲ್ಲಿ ಆ ಕಾರ್ಖಾನೆ ಫ್ರಾನ್ಸಿನ ಆಲ್‌ಸ್ಟಾಮ್ ಕೈಗೆ ಬಂತು. 2009ರಲ್ಲಿ ಕ್ವಿಬೆಕ್‌ನ ನೋವಾ ಬಸ್ ಕೂಡ ಇಲ್ಲಿಗೆ ಬಂತು. ಅದರ ಒಡೆಯ ವೋಲ್ವೊ 2023ರಲ್ಲಿ ಈ ಘಟಕವನ್ನು 2025ರೊಳಗೆ ಮುಚ್ಚುವುದಾಗಿ ಸಾರಿತು. ನೆಂಟಸ್ತಿಕೆಯ ಕಾರ್ಖಾನೆಯೂ ಶಾಶ್ವತವಲ್ಲ.

ಈ ಗಡಿ ಮೊದಲಿನಿಂದಲೂ ಇಷ್ಟು ಸೌಮ್ಯವಾಗಿತ್ತು ಎಂದಲ್ಲ. 1814ರ ಸೆಪ್ಟೆಂಬರ್ 11ರಂದು ಕೆನಡಾ ಕಡೆಯಿಂದ ಇಳಿದು ಬಂದ ಬ್ರಿಟಿಷ್ ಸೇನೆ ಇದೇ ಊರಿನಲ್ಲಿ ತಡೆದು ನಿಂತಿತು. ಕೊಲ್ಲಿಯಲ್ಲಿ ಕಾದು ಕುಳಿತಿದ್ದ ಥಾಮಸ್ ಮೆಕ್‌ಡೊನೊನ ಸಣ್ಣ ನೌಕಾದಳ ಬ್ರಿಟಿಷ್ ಹಡಗುಗಳನ್ನು ಸೋಲಿಸಿತು. ಅದೇ ಡಿಸೆಂಬರಿನಲ್ಲಿ ಒಪ್ಪಂದ. ಮತ್ತೆ ಹೀಗಾಗಬಾರದೆಂದು ಅಮೆರಿಕನ್ನರು 1816ರಲ್ಲಿ ರೌಸಸ್ ಪಾಯಿಂಟ್ ಬಳಿ ಕೋಟೆ ಕಟ್ಟತೊಡಗಿದರು. ಹೊಸದಾಗಿ ಅಳತೆ ಮಾಡಿದಾಗ ತಿಳಿದದ್ದು, 45 ಡಿಗ್ರಿ ಅಕ್ಷಾಂಶದ ನಿಜವಾದ ಗೆರೆ ಮುಕ್ಕಾಲು ಮೈಲಿ ದಕ್ಷಿಣಕ್ಕಿದೆ, ಕೋಟೆ ಏಳುತ್ತಿರುವುದು ಕೆನಡಾದ ನೆಲದಲ್ಲಿ! ಕೆಲಸ ನಿಂತಿತು, ಸುತ್ತಲಿನವರು ಕಲ್ಲುಗಳನ್ನು ಮನೆ ಕಟ್ಟಲು ಹೊತ್ತೊಯ್ದರು. 1842ರ ಒಪ್ಪಂದದಲ್ಲಿ ಹಳೆಯ ತಪ್ಪು ಗೆರೆಯನ್ನೇ ಗಡಿಯೆಂದು ಒಪ್ಪಿಕೊಂಡ ಮೇಲೆ ಅಲ್ಲೇ ಮತ್ತೆ ಕೋಟೆ ಎದ್ದಿತು. ‘ಎಡವಟ್ಟಿನ ಕೋಟೆ’ ಎಂದು ಜನ ಈಗಲೂ ನಗುತ್ತಾರೆ. ಗೆರೆ ಎಲ್ಲಿದೆ ಎಂಬುದಕ್ಕಿಂತ ಗೆರೆಯ ಬಗ್ಗೆ ಇಬ್ಬರೂ ಒಪ್ಪಿದ್ದಾರೆಯೇ ಎಂಬುದು ದೊಡ್ಡದೆಂದು ಇಲ್ಲಿಯವರಿಗೆ ಆಗಲೇ ತಿಳಿದಿತ್ತು.

ಈಗ ಇತ್ತೀಚಿನ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. 2020ರ ಮಾರ್ಚ್ 21ರಂದು, ಕೋವಿಡ್ ಕಾರಣಕ್ಕೆ, ಅಗತ್ಯವಲ್ಲದ ಪ್ರಯಾಣಕ್ಕೆ ಗಡಿ ಮುಚ್ಚಿತು. ಸರಕಿನ ಲಾರಿಗಳು ಓಡಾಡಿದವು, ಜನ ನಿಂತರು. ಕೆನಡಾದವರು ಕಾರಿನಲ್ಲಿ ಈ ಕಡೆ ಬರಲು ಮತ್ತೆ ಅವಕಾಶವಾದದ್ದು 2021ರ ನವೆಂಬರ್ 8ಕ್ಕೆ. ಹೆಚ್ಚುಕಡಿಮೆ ಇಪ್ಪತ್ತು ತಿಂಗಳು ಗಿರಾಕಿಯಿಲ್ಲದ ಊರು ಸೊರಗಿತು, ಸಾಯಲಿಲ್ಲ. ಗೇಟು ತೆರೆದ ಮೇಲೆ ಓಡಾಟ ಮುಂದಿನ ಒಂದೆರಡು ವರ್ಷಗಳಲ್ಲಿ ಹಳೆಯ ಮಟ್ಟದ ಹತ್ತಿರಕ್ಕೆ ಬಂತು. ಏಕೆಂದರೆ ಮುಚ್ಚಿದ್ದು ರೋಗಕ್ಕಾಗಿ, ಯಾರ ಮೇಲಿನ ಸಿಟ್ಟಿಗೂ ಅಲ್ಲ. 2025ರ ಆರಂಭದಲ್ಲಿ ಆದದ್ದು ಬೇರೆ. ಕೆನಡಾದ ಸರಕಿನ ಮೇಲೆ ಅಮೆರಿಕ ಸುಂಕ ಹೇರಿತು, ಕೆನಡಾ ಐವತ್ತೊಂದನೆಯ ರಾಜ್ಯವಾಗಲಿ ಎಂದು ಅಧ್ಯಕ್ಷ ಟ್ರಂಪ್ ಮತ್ತೆ ಮತ್ತೆ ಹೇಳಿದರು. ಕ್ವಿಬೆಕ್ ಸರ್ಕಾರದ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನು ಕಪಾಟಿನಿಂದ ಇಳಿಸಿದವು. ಗಡಿಯಲ್ಲಿ ಒಂದು ಲೇನೂ ಮುಚ್ಚಿರಲಿಲ್ಲ. ಆದರೆ ಕೆನಡಾ ಸರ್ಕಾರದ ಅಂಕಿಅಂಶಗಳ ಪ್ರಕಾರ ಅಮೆರಿಕಕ್ಕೆ ಕಾರಿನಲ್ಲಿ ಹೋಗಿಬಂದ ಕೆನಡಿಯನ್ನರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಮಾರ್ಚ್‌ನಲ್ಲಿ ಸುಮಾರು ಶೇ. 32, ಏಪ್ರಿಲ್‌ನಲ್ಲಿ ಶೇ. 35, ಮೇ ತಿಂಗಳಲ್ಲಿ ಶೇ. 38ರಷ್ಟು ಕುಸಿಯಿತು. ಇದು ಇಡೀ ದೇಶದ ಲೆಕ್ಕ. ಗಿರಾಕಿಗಳಲ್ಲಿ ಇಷ್ಟು ದೊಡ್ಡ ಪಾಲು ಗಡಿಯಾಚೆಯವರೇ ಆಗಿರುವ ಊರಿನ ಮೇಲೆ ಅದರ ಪೆಟ್ಟು ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಕೂಸಿಗೆ ಜಗಳದ ವಿಷಯವೂ ಸರಿಯಾಗಿ ಗೊತ್ತಿರಲಿಲ್ಲ.

ಇದಕ್ಕೆ ಅರ್ಥಶಾಸ್ತ್ರ ಬಲ್ಲವರ ಒಂದು ಆಕ್ಷೇಪವಿದೆ. ಇದೆಲ್ಲ ಭಾವನೆಯ ಮಾತು, ನಿಜವಾದ ಕಾರಣ ಹಣದ ಬೆಲೆ ಎನ್ನುತ್ತಾರೆ ಅವರು. ಕೆನಡಿಯನ್ ಡಾಲರ್ ಬಲವಾಗಿದ್ದಾಗ ಜನ ಬರುತ್ತಾರೆ, ಬಡವಾದಾಗ ಮನೆಯಲ್ಲಿರುತ್ತಾರೆ. ಈ ಮಾತಿನಲ್ಲಿ ಹುರುಳಿದೆ. 2011ರ ಸುಮಾರಿಗೆ ಎರಡೂ ಡಾಲರ್ ಸಮಸಮ ಇದ್ದಾಗ ಗಡಿಯ ಅಂಗಡಿಗಳಿಗೆ ಸುಗ್ಗಿ. 2016ರ ಜನವರಿಯಲ್ಲಿ ಕೆನಡಿಯನ್ ಡಾಲರ್ 70 ಅಮೆರಿಕನ್ ಸೆಂಟಿಗೂ ಕೆಳಗಿಳಿದಾಗ ವ್ಯಾಪಾರವೂ ಇಳಿದಿತ್ತು. ಆದರೆ ಆಗಿನ ಇಳಿಕೆ ಹಣದ ಜೊತೆಜೊತೆಗೇ, ಎರಡು ವರ್ಷಗಳಲ್ಲಿ ಮೆಲ್ಲಗೆ ಆದದ್ದು. 2025ರಲ್ಲಿ ನಡೆದದ್ದು ತಿರುವುಮುರುವು: ಚಳಿಗಾಲದಲ್ಲಿ 70 ಸೆಂಟಿನ ಆಸುಪಾಸಿದ್ದ ಕೆನಡಿಯನ್ ಡಾಲರ್ ಮೇ ಹೊತ್ತಿಗೆ 72 ಸೆಂಟಿನಷ್ಟಾಗಿ ತುಸು ಚೇತರಿಸಿಕೊಂಡಿತ್ತು, ಗಿರಾಕಿಗಳು ಮಾತ್ರ ಇನ್ನಷ್ಟು ಕಡಿಮೆಯಾದರು. ಹಣದ ಬೆಲೆಯೊಂದೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ಕೆನಡಿಯನ್ ನೋಟನ್ನು ಅಮೆರಿಕನ್ ನೋಟಿಗೆ ಸಮವಾಗಿ ತೆಗೆದುಕೊಳ್ಳುತ್ತೇವೆಂಬ ರಿಯಾಯಿತಿ ಗಡಿ ಊರುಗಳ ಹಳೆಯ ಉಪಾಯ. ಬೆಲೆಗೆ ಬೇಸತ್ತವನನ್ನು ಅದು ಕರೆತರಬಹುದು. ಮನೆತನದ ಮಾತಿಗೆ ನೊಂದವನಿಗೆ ಶೇ. 30ರ ರಿಯಾಯಿತಿ ಮತ್ತೊಂದು ಅವಮಾನವಾಗಿ ಕಂಡರೂ ಆಶ್ಚರ್ಯವಿಲ್ಲ.

ಎರಡನೆಯ ಆಕ್ಷೇಪ ಕಾಲೇಜಿನ ಕಡೆಯಿಂದ ಬರುತ್ತದೆ, ಅದು ಇನ್ನೂ ಗಟ್ಟಿಯಾದದ್ದು. ಅಂಗಡಿ, ಹೋಟೆಲು ಏಳಲಿ ಬೀಳಲಿ, ರಾಜ್ಯ ಸರ್ಕಾರದ ಕಾಲೇಜು ಇರುವ ಊರಿಗೆ ಗಡಿಯ ಹಂಗೇಕೆ? ಸಂಬಳ ರಾಜ್ಯದ ರಾಜಧಾನಿ ಆಲ್ಬನಿಯ ಖಜಾನೆಯಿಂದ ಬರುತ್ತದೆ, ಪ್ರತಿ ಆಗಸ್ಟ್‌ನಲ್ಲಿ ಹೊಸ ಹುಡುಗರು ಬರುತ್ತಾರೆ, ಬಾಡಿಗೆ ಮನೆ ತುಂಬುತ್ತದೆ. ಒಪ್ಪಬೇಕಾದ ಮಾತು. ಆದರೆ ಆ ನೆಲೆಯೂ ಈಗ ತೆಳುವಾಗುತ್ತಿದೆ. ಹಿಂದಿನ ದಶಕದ ಆರಂಭದಲ್ಲಿ ಆರು ಸಾವಿರ ದಾಟಿದ್ದ ವಿದ್ಯಾರ್ಥಿಗಳ ಸಂಖ್ಯೆ ಈಗ ಐದು ಸಾವಿರದೊಳಗೆ ಬಂದಿದೆ. ಅದಕ್ಕೆ ಗಡಿ ಕಾರಣವಲ್ಲ. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ಹೀಗಾದಾಗ ಕಾಲೇಜು ಬೇರೆಯವರಿಗಿಂತ ಭಿನ್ನವಾಗಿ ಏನು ಕೊಡಬಲ್ಲದು? ದೂರದ ಹುಡುಗನನ್ನು ಇಷ್ಟು ಚಳಿಯ ಊರಿಗೆ ಸೆಳೆಯುವುದರಲ್ಲಿ ಗಡಿಗೆ ದೊಡ್ಡ ಪಾಲಿದೆ. ಕೆನಡಾ ಅಧ್ಯಯನಕ್ಕೇ ಮೀಸಲಾದ ಕೇಂದ್ರವನ್ನು ಈ ಕಾಲೇಜು ದಶಕಗಳಿಂದ ನಡೆಸುತ್ತಿದೆ. ಐಸ್ ಹಾಕಿಯಲ್ಲಿ ಇಲ್ಲಿಯ ಮಹಿಳಾ ತಂಡ ತನ್ನ ದರ್ಜೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಏಳು ಸಲ ಗೆದ್ದಿದೆ. ಹಾಕಿ ಎಂದರೆ ಜೀವ ಬಿಡುವ ಕೆನಡಾ ಮಗ್ಗುಲಲ್ಲೇ ಇರುವುದು, ಅಲ್ಲಿಯ ಆಟಗಾರ್ತಿಯರು ಇಲ್ಲಿ ಬಂದು ಆಡುವುದು ಇದರ ಗುಟ್ಟುಗಳಲ್ಲೊಂದು. ಇನ್ನೊಂದು ಸೆಳೆತವನ್ನು ಕಾಲೇಜಿನ ಪುಸ್ತಿಕೆ ಅಚ್ಚು ಹಾಕುವುದಿಲ್ಲ: ನ್ಯೂಯಾರ್ಕ್‌ನಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು, ಕ್ವಿಬೆಕ್‌ನಲ್ಲಿ 18 ಸಾಕು.

ಈ ಸಂಬಂಧವನ್ನು ಒಂದು ಕಾಲದಲ್ಲಿ ಕಾನೂನೇ ಮಾನ್ಯ ಮಾಡಿತ್ತು ಎನ್ನುವುದು ಗಮನಾರ್ಹ. 2001ರ ದಾಳಿಯ ನಂತರ ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾ ಬಿಗಿಯಾದಾಗ, ಮನೆ ಕೆನಡಾದಲ್ಲೋ ಮೆಕ್ಸಿಕೊದಲ್ಲೋ ಇದ್ದು, ವಾರಕ್ಕೆ ಒಂದೆರಡು ತರಗತಿಗೆ ಗಡಿ ದಾಟಿ ಬರುವವರ ದಾರಿ ಮುಚ್ಚಿತು. ಕೂಡಲೇ, 2002ರಲ್ಲಿ, ಅಂಥವರಿಗಾಗಿ ‘ಎಫ್-3’ ಎಂಬ ಬೇರೆ ವರ್ಗವನ್ನೇ ಮಾಡಿದರು. ಭದ್ರತೆಯ ಆತಂಕ ತಾರಕದಲ್ಲಿದ್ದ ಕಾಲದಲ್ಲಿಯೂ ಗಡಿ ದಾಟಿ ಹೋಗಿಬರುವ ವಿದ್ಯಾರ್ಥಿಯ ಅನುಕೂಲ ಯಾರಿಗೋ ಹೊಳೆದಿತ್ತು. ಭಾರತದ ವಿದ್ಯಾರ್ಥಿಗಳಿಗೆ ಈ ಗಡಿ ಇನ್ನೊಂದು ಮುಖ ತೋರಿಸುತ್ತದೆ. ಜೊತೆಯವರೆಲ್ಲ ಶನಿವಾರ ಮಾಂಟ್ರಿಯಲ್‌ಗೆ ಹೊರಟರೆ ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಹುಡುಗಿ ಮೊದಲು ಕೆನಡಾದ ವೀಸಾ ಪಡೆದಿರಬೇಕು. ಅಮೆರಿಕದ ವೀಸಾ ಅವಧಿ ಮುಗಿದಿದ್ದರೂ, ಉಳಿದ ಕಾಗದಪತ್ರ ಸರಿಯಿದ್ದರೆ, ಕೆನಡಾದಲ್ಲಿ 30 ದಿನದೊಳಗೆ ಇದ್ದು ಮರಳಲು ನಿಯಮವಿದೆ. ಆದರೆ ಅಲ್ಲೇ ಹೊಸ ವೀಸಾಕ್ಕೆ ಅರ್ಜಿ ಹಾಕಿ ಅದು ತಿರಸ್ಕೃತವಾದರೆ ಆ ಅನುಕೂಲ ಹೋಯಿತು, ಊರಿಗೇ ವಿಮಾನ ಹತ್ತಬೇಕು. ಹಾಗಿದ್ದೂ ‘ಸ್ಟ್ಯಾಂಪಿಂಗ್’ಗೆಂದು ಕೆನಡಾದ ಅಮೆರಿಕನ್ ಕಾನ್ಸುಲೇಟುಗಳ ಮುಂದೆ ನಿಂತ ಭಾರತೀಯರು, ಅವರಲ್ಲಿ ಕನ್ನಡಿಗರು, ಕಡಿಮೆಯಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಆ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿ, ತಮ್ಮ ದೇಶದಲ್ಲೋ ವಾಸವಿರುವ ದೇಶದಲ್ಲೋ ಅರ್ಜಿ ಹಾಕಿ ಎಂದಿತು.

ಮೂರನೆಯ ಆಕ್ಷೇಪ ಭದ್ರತೆಯದು. ಗಡಿ ಸಡಿಲಾದರೆ ಏನಾಗುತ್ತದೆಂದು ಇದೇ ಜಿಲ್ಲೆ ಕಂಡಿದೆಯಲ್ಲ ಎಂದು ಕೇಳುವವರಿದ್ದಾರೆ. ಷಾಂಪ್ಲೇನ್ ಹಳ್ಳಿಯ ಹೊರಗೆ ರಾಕ್ಸಮ್ ರೋಡ್ ಎಂಬ ಸಣ್ಣ ರಸ್ತೆ ಗಡಿಯ ಹತ್ತಿರ ಬಂದು ಮುಗಿಯುತ್ತದೆ. ಅಧಿಕೃತ ಗೇಟಿನಲ್ಲಿ ಆಶ್ರಯ ಕೇಳಿದರೆ ಹಿಂದಕ್ಕೆ ಕಳಿಸುವ ಒಪ್ಪಂದ ಎರಡೂ ದೇಶಗಳ ನಡುವೆ ಇತ್ತು, ಗೇಟಿಲ್ಲದ ಕಡೆ ದಾಟಿದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಹೀಗಾಗಿ 2017ರಿಂದ ಜನ ಪ್ಲ್ಯಾಟ್ಸ್‌ಬರ್ಗ್‌ನಲ್ಲಿ ಬಸ್ಸಿಳಿದು, ಟ್ಯಾಕ್ಸಿ ಹಿಡಿದು, ಆ ರಸ್ತೆಯ ಕೊನೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಕೆನಡಾಕ್ಕೆ ನಡೆದುಹೋಗತೊಡಗಿದರು. 2022ರಲ್ಲಿ ಕ್ವಿಬೆಕ್‌ಗೆ ಹೀಗೆ ದಾಟಿದವರು 39,000ಕ್ಕೂ ಹೆಚ್ಚು. 2023ರ ಮಾರ್ಚ್ 25ರ ನಡುರಾತ್ರಿ ಒಪ್ಪಂದವನ್ನು ಇಡೀ ಗಡಿಗೆ ವಿಸ್ತರಿಸಿ ಆ ದಾರಿ ಮುಚ್ಚಿದರು. ಬಳಿಕ ಹರಿವು ತಿರುಗಿತು. ಕೆನಡಾದಿಂದ ಕಾಡಿನ ಮೂಲಕ ದಕ್ಷಿಣಕ್ಕೆ ಬರುವವರು ಹೆಚ್ಚಿದರು. ಪ್ಲ್ಯಾಟ್ಸ್‌ಬರ್ಗ್ ಭಾಗವೂ ಸೇರಿದ ಗಡಿ ಕಾವಲಿನ ಸ್ವಾಂಟನ್ ವಲಯದಲ್ಲಿ 2023ರ ಹಣಕಾಸು ವರ್ಷದಲ್ಲಿ ಸಿಕ್ಕಿಬಿದ್ದವರು ಸುಮಾರು 6,900. ಮರುವರ್ಷ 19,000ಕ್ಕೂ ಹೆಚ್ಚು, ಅವರಲ್ಲಿ ದೊಡ್ಡ ಪಾಲು ಭಾರತೀಯರು. ಹಾಗಾದರೆ ಬಿಗಿ ಬೇಡವೇ? ಬೇಕು. ಬಿಗಿಯಿಂದ ಊರಿಗೆ ಸರ್ಕಾರಿ ನೌಕರಿಯೂ ಸಿಗುತ್ತದೆ. ಆದರೆ ಈ ಉದಾಹರಣೆಯೇ ನನ್ನ ವಾದದ ಕಡೆ ವಾಲುತ್ತದೆ. ರಾಕ್ಸಮ್ ರೋಡ್ ಹುಟ್ಟಿದ್ದು ಗಡಿ ಸಡಿಲಾಗಿದ್ದಕ್ಕಲ್ಲ, ನಿಯಮದಲ್ಲಿ ಒಂದು ಕಂಡಿ ಉಳಿದಿದ್ದಕ್ಕೆ. ಅದು ಮುಚ್ಚಿದ್ದು ಎರಡು ಸರ್ಕಾರಗಳು ಕೂತು ಮಾತಾಡಿದ್ದಕ್ಕೆ. ಬೀಚಿಗೆ ಬರುವ ಸಂಸಾರ, ಕಾಲೇಜಿಗೆ ಬರುವ ಹುಡುಗಿ, ಬೋಗಿಯ ಬಿಡಿಭಾಗ ತರುವ ಲಾರಿ ಇವರಾರೂ ಕಾವಲುಗಾರನಿಗೆ ಹೆದರುವವರಲ್ಲ. ಅವರಿಗೆ ಬೇಕಿರುವುದು ಇಂದು ಕೇಳಿದ ಪ್ರಶ್ನೆಯನ್ನೇ ನಾಳೆಯೂ ಕೇಳುವ ಕಾವಲುಗಾರ.

ಹಾಗೆ ನೋಡಿದರೆ ಈ ಮೂವರೂ ಬೇರೆ ಬೇರೆ ಅವಧಿಯ ಮೇಲೆ ಪಣ ಹೂಡುತ್ತಾರೆ. ಮಾಂಟ್ರಿಯಲ್‌ನ ಸಂಸಾರ ಹೂಡುವುದು ಒಂದು ವಾರಾಂತ್ಯ; ತಪ್ಪಿದರೆ ಮುಂದಿನ ಬೇಸಿಗೆಗೆ ಕ್ವಿಬೆಕ್‌ನೊಳಗೇ ಬೇರೆ ಸರೋವರ ಹುಡುಕಿಕೊಳ್ಳುತ್ತದೆ. ಸಬ್‌ವೇ ಬೋಗಿಯ ಆರ್ಡರ್ ವರ್ಷಗಟ್ಟಲೆ ನಡೆಯುವಂಥದ್ದು. ಉಕ್ಕಿನ ಮೇಲೆ 2025ರ ಮಾರ್ಚ್‌ನಲ್ಲಿ ಶೇ. 25 ಇದ್ದ ಸುಂಕ ಜೂನ್ ಹೊತ್ತಿಗೆ ಶೇ. 50 ಆದರೆ ಅಂಥ ಆರ್ಡರಿಗೆ ದರ ಬರೆದುಕೊಡುವವನು ಯಾವ ಲೆಕ್ಕ ಹಾಕಬೇಕು? ಹಾಕಿ ಕೋಲು ಹಿಡಿದು ಬರುವ ಕೆನಡಾದ ಹುಡುಗಿ ನಾಲ್ಕು ವರ್ಷದ ಪದವಿಗೆ ಹೆಸರು ಬರೆಸುತ್ತಾಳೆ. ಅಂಗಡಿಯವರು ಬೆಲೆ ಇಳಿಸಬಹುದು, ಊರಿನವರು ಸ್ವಾಗತದ ಬೋರ್ಡು ಹಾಕಬಹುದು. ಆದರೆ ಅವಳ ಎರಡನೆಯ ವರ್ಷದಲ್ಲಿ ಗಡಿಯ ನಿಯಮ ಏನಿರುತ್ತದೆಂದು ಭರವಸೆ ಕೊಡುವ ಅಧಿಕಾರ ಪ್ಲ್ಯಾಟ್ಸ್‌ಬರ್ಗ್‌ನಲ್ಲಿ ಯಾರ ಕೈಯಲ್ಲೂ ಇಲ್ಲ, ಅವಳನ್ನು ಸೇರಿಸಿಕೊಂಡ ಕಾಲೇಜಿನ ಕೈಯಲ್ಲೂ ಇಲ್ಲ.